ಕೌಂಟಿ ಸಾಲದು, ಪ್ಯಾರಿಷ್ ಬೇಕು

ಇಂಗ್ಲೆಂಡಿನ ಪೂರ್ವಜರನ್ನು ಹುಡುಕುವವರಲ್ಲಿ ಒಂದು ರೂಢಿ ಬೇರೂರಿದೆ. ಊರು ಈಗ ಯಾವ ಕೌಂಟಿಗೆ ಸೇರಿದ್ದರೂ, 1974ರಲ್ಲಿ ಸರ್ಕಾರ ಗಡಿಗಳನ್ನು ಬದಲಿಸುವ ಮುಂಚಿನ ಕೌಂಟಿಯ ಹೆಸರಿನಲ್ಲೇ ಅದನ್ನು ನಮೂದಿಸುತ್ತಾರೆ. 1970ರ ದಶಕದ ಕೊನೆಗೆ ಕಾಲಿನ್ ಚಾಪ್‌ಮನ್ ರೂಪಿಸಿದ ಮೂರಕ್ಷರದ ಸಂಕೇತಗಳು ಇದನ್ನು ಗಟ್ಟಿ ಮಾಡಿದವು: ಬರ್ಕ್‌ಶೈರಿಗೆ ಬಿಆರ್‌ಕೆ, ಆಕ್ಸ್‌ಫರ್ಡ್‌ಶೈರಿಗೆ ಒಎಕ್ಸ್‌ಎಫ್. ಸೂಚಿ ಸಿದ್ಧಪಡಿಸುವವರಿಗೆ ಇದರಿಂದಾದ ಉಪಕಾರ ದೊಡ್ಡದು. 1974ರ ಏಪ್ರಿಲ್ 1ರಂದು ಹುಟ್ಟಿದ ಏವನ್, ಹಂಬರ್‌ಸೈಡ್, ಕ್ಲೀವ್‌ಲ್ಯಾಂಡ್ ಕೌಂಟಿಗಳು 1996ರಲ್ಲೇ ರದ್ದಾದವು. ಅವುಗಳ ಬೆನ್ನು ಹತ್ತಿದ್ದರೆ ಎರಡೇ ದಶಕದಲ್ಲಿ ಎಲ್ಲ ಸೂಚಿಗಳನ್ನೂ ತಿದ್ದಬೇಕಾಗುತ್ತಿತ್ತು.

ನನ್ನ ತಕರಾರು ಬೇರೆ. ದಾಖಲೆಯನ್ನು ಜೋಡಿಸಿಡಲು ಮಾಡಿಕೊಂಡ ಕ್ರಮವನ್ನೇ ದಾಖಲೆ ಹುಡುಕುವ ದಾರಿಯೆಂದು ಅನೇಕರು ನಂಬಿದ್ದಾರೆ. ಹಳೆಯ ಕೌಂಟಿ ಗೊತ್ತಾಯಿತೆಂದರೆ ಕೆಲಸ ಮುಗಿಯಿತು ಎಂಬ ಈ ಭರವಸೆ ಎಷ್ಟು ಟೊಳ್ಳು ಎಂಬುದನ್ನು ಥೇಮ್ಸ್ ದಂಡೆಯ ಆಬಿಂಗ್ಡನ್ ಎಂಬ ಒಂದೇ ಊರು ತೋರಿಸುತ್ತದೆ.

ಆಬಿಂಗ್ಡನ್ 1867ರವರೆಗೂ ಬರ್ಕ್‌ಶೈರಿನ ಕೇಂದ್ರಪಟ್ಟಣವಾಗಿತ್ತು. 1974ರಲ್ಲಿ ಅದು ಆಕ್ಸ್‌ಫರ್ಡ್‌ಶೈರಿಗೆ ಹೋಯಿತು. ಅಲ್ಲಿ 1820ರಲ್ಲಿ ದೀಕ್ಷಾಸ್ನಾನ ಪಡೆದ ಮಗುವಿನ ದಾಖಲೆ ಎಲ್ಲಿರಬಹುದು? ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಇಟ್ಟಿದ್ದ ಮೂಲ ರಿಜಿಸ್ಟರು ಇಂದಿಗೂ ರೆಡಿಂಗ್‌ನ ಬರ್ಕ್‌ಶೈರ್ ಪತ್ರಾಗಾರದಲ್ಲಿದೆ. ಸರ್ಕಾರ ಗಡಿ ಬದಲಿಸಿದರೂ ಚರ್ಚಿನ ಬರ್ಕ್‌ಶೈರ್ ವಿಭಾಗ ಹಳೆಯ ಗಡಿಯಲ್ಲೇ ಉಳಿದದ್ದು ಇದಕ್ಕೆ ಕಾರಣ. ಅದೇ ರಿಜಿಸ್ಟರಿನಿಂದ ನಕಲು ಮಾಡಿ ಬಿಷಪ್ಪರಿಗೆ ಕಳಿಸುತ್ತಿದ್ದ ಪ್ರತಿಯನ್ನು ನೋಡಬೇಕಾದರೆ ವಿಲ್ಟ್‌ಶೈರಿನ ಚಿಪ್ಪನಮ್‌ಗೆ ಹೋಗಬೇಕು. ಸಾಲ್ಸ್‌ಬರಿ ಬಿಷಪ್ಪರ ಕಡತಗಳು ಅಲ್ಲಿರುವುದೇ ಕಾರಣ: 1836ರವರೆಗೆ ಬರ್ಕ್‌ಶೈರ್ ಅವರ ಅಧೀನದಲ್ಲಿತ್ತು, ಆಮೇಲಷ್ಟೇ ಆಕ್ಸ್‌ಫರ್ಡಿನವರ ಅಧೀನಕ್ಕೆ ಬಂತು. ಆ ಮನೆಯ ಹಿರಿಯರು ಉಯಿಲು ಬರೆದಿಟ್ಟಿದ್ದರೆ ಅದು ರೆಡಿಂಗ್‌ನಲ್ಲಿ ಸಿಗಬಹುದು. ಆಸ್ತಿ ಒಂದಕ್ಕಿಂತ ಹೆಚ್ಚು ಬಿಷಪ್ಪರ ವ್ಯಾಪ್ತಿಯಲ್ಲಿ ಹರಡಿದ್ದರೆ ಕ್ಯಾಂಟರ್ಬರಿಯ ನ್ಯಾಯಾಲಯಕ್ಕೆ ಹೋಗಿರುತ್ತದೆ, ಅದನ್ನು ಈಗ ಕ್ಯೂನ ರಾಷ್ಟ್ರೀಯ ಪತ್ರಾಗಾರದಲ್ಲಿ ಹುಡುಕಬೇಕು. 1858ರ ಜನವರಿಯವರೆಗೂ ಉಯಿಲುಗಳು ಚರ್ಚಿನ ನ್ಯಾಯಾಲಯಗಳ ಕೈಯಲ್ಲಿದ್ದವು.

1837ರ ಜುಲೈಯಿಂದ ಆರಂಭವಾದ ಸರ್ಕಾರಿ ನೋಂದಣಿ ಇನ್ನೊಂದು ಗಡಿಯನ್ನು ತಂದಿತು. ನೋಂದಣಿ ಜಿಲ್ಲೆಗಳನ್ನು ಬಡವರ ಪರಿಹಾರಕ್ಕೆಂದು ರಚಿಸಿದ್ದ ಒಕ್ಕೂಟಗಳ ಮೇಲೆ ರೂಪಿಸಿದರು, ಅವು ಕೌಂಟಿಯ ಗೆರೆಗೆ ಕಟ್ಟುಬೀಳಲಿಲ್ಲ. ಆಬಿಂಗ್ಡನ್ ಜಿಲ್ಲೆಯೊಳಗೆ ನದಿಯಾಚೆಯ ಕಲಮ್ ಕೂಡ ಇತ್ತು, ಕಲಮ್ ಆಗಲೂ ಆಕ್ಸ್‌ಫರ್ಡ್‌ಶೈರಿನದೇ. ಸೂಚಿಯಲ್ಲಿ 'ಆಬಿಂಗ್ಡನ್' ಎಂದು ಕಂಡ ಕೂಡಲೇ ಬಿಆರ್‌ಕೆ ಎಂದು ಬರೆದುಬಿಟ್ಟರೆ ಒಂದು ಕುಟುಂಬವನ್ನೇ ನದಿ ದಾಟಿಸಿದಂತಾಗುತ್ತದೆ. ಇಂಥ ವಂಶವೃಕ್ಷಗಳು ಒಬ್ಬರಿಂದೊಬ್ಬರಿಗೆ ನಕಲಾಗುತ್ತಾ ಹೋಗುವುದು ನೋವಿನ ಸಂಗತಿ.

ಇನ್ನೊಂದು ಮಾತು. 1974ಕ್ಕೆ ಮುಂಚಿನ ಕೌಂಟಿಗಳೂ ಅನಾದಿಯಿಂದ ಹಾಗೇ ಇದ್ದವಲ್ಲ. 1844ರ ಕಾಯಿದೆ ಡರಮ್‌ಗೆ ಸೇರಿದ್ದ ಐಲೆಂಡ್‌ಶೈರನ್ನು ನಾರ್ತಂಬರ್‌ಲ್ಯಾಂಡಿಗೆ ಕೊಟ್ಟಿತು. ಕೌಂಟಿಯ ಗೆರೆ ಒಂದೇ ಊರಿನ ನಡುವೆ ಹಾಯುವುದೂ ಇತ್ತು: ಟಾಡ್‌ಮರ್ಡನ್ ಪಟ್ಟಣದ ಪುರಭವನವನ್ನು ಲ್ಯಾಂಕಶೈರ್-ಯಾರ್ಕ್‌ಶೈರ್ ಗಡಿಯ ಮೇಲೆಯೇ ಕಟ್ಟಿದ್ದರು.

ಈ ದೃಷ್ಟಿಯಿಂದ ಸೆಸಿಲ್ ಹಂಫ್ರಿ-ಸ್ಮಿತ್ ಸಂಪಾದಿಸಿದ ಫಿಲಿಮೋರ್ ಅಟ್ಲಾಸ್ (1984) ಹೆಚ್ಚು ಪ್ರಾಮಾಣಿಕವಾದ ಕೆಲಸ. ಅದೂ ಕೌಂಟಿವಾರು ನಕ್ಷೆಗಳ ಪುಸ್ತಕವೇ, ಆದರೆ ಪ್ರತಿ ನಕ್ಷೆಯೊಳಗೆ ಪ್ಯಾರಿಷ್‌ಗಳ ಗಡಿ, ಅವುಗಳ ರಿಜಿಸ್ಟರು ಶುರುವಾದ ವರ್ಷ, ಉಯಿಲಿನ ಅಧಿಕಾರವ್ಯಾಪ್ತಿ ಎಲ್ಲವೂ ಒಟ್ಟಿಗೆ ಕಾಣುತ್ತವೆ. 1830ರ ದಶಕದ ಆಸುಪಾಸಿಗೇ ಅದು ನಿಂತುಬಿಡುವುದು ದೊಡ್ಡ ಕೊರತೆ. ಆಮೇಲೆ ಕೈಗಾರಿಕಾ ನಗರಗಳಲ್ಲಿ ಎದ್ದ ಹೊಸ ಪ್ಯಾರಿಷ್‌ಗಳಿಗೆ ಅದರಲ್ಲಿ ಜಾಗವಿಲ್ಲ.

ಚಾಪ್‌ಮನ್ ಸಂಕೇತವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ವಂಶವೃಕ್ಷ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮೊದಲು ಪ್ಯಾರಿಷ್ ಹೆಸರು ಬರೆಯಿರಿ, ಅದರ ಪಕ್ಕದಲ್ಲಿ ದಾಖಲೆಯ ವರ್ಷ ಮತ್ತು ದಾಖಲೆ ಯಾವುದೆಂದು ಬರೆಯಿರಿ. ಕೌಂಟಿ ಕೊನೆಗೆ ಬರಲಿ.