ಬೆನ್ನಿನ ಗೂಡು

ಹಳೆಯ ಚೀನೀ ಮರದ ಮೂರ್ತಿ ಕೈಗೆ ಬಂದರೆ ಮೊದಲು ತಿರುಗಿಸಿ ಬೆನ್ನು ನೋಡಿ. ಅದು ಹುನಾನ್ ಪ್ರಾಂತ್ಯದ ಮನೆಗಳಲ್ಲಿ ಪೂಜೆಗೊಂಡ ದೇವರೋ ಹಿರಿಯರೋ ಆಗಿದ್ದರೆ ಅಲ್ಲೊಂದು ಪುಟ್ಟ ಗೂಡು, ಅದಕ್ಕೆ ಮರದ ಮುಚ್ಚಳ ಇರುತ್ತದೆ. ಗೇಣುದ್ದದ ಈ ಮೂರ್ತಿಗಳ ಜೀವ ಇರುವುದು ಅಲ್ಲೇ.

ಗೂಡಿನಲ್ಲಿ ಒಣಗಿದ ಗಿಡಮೂಲಿಕೆ, ಕಾಸು, ಕೆಲವೊಮ್ಮೆ ಒಣ ಹುಳ. ಜೊತೆಗೆ ಮಡಿಚಿಟ್ಟ ಕಾಗದ. ಮೂರ್ತಿ ಯಾರದು, ಮಾಡಿಸಿದ ಮನೆಯವರು ಯಾರು, ಯಾವ ಊರು, ಏನು ಬೇಡಿಕೊಂಡರು, ಪ್ರತಿಷ್ಠೆ ಯಾವತ್ತು ಎಂಬುದೆಲ್ಲ ಅದರಲ್ಲಿದೆ. ಎಷ್ಟೋ ಸಲ ಕೆತ್ತಿದವನ ಹೆಸರೂ ಉಂಟು. ಸಾಮಾನ್ಯ ರೈತಾಪಿ ಮನೆಯ ಮೂರ್ತಿ ತನ್ನ ವಿಳಾಸವನ್ನು ತಾನೇ ಹೊತ್ತು ಬರುವುದು ಎಂಥ ಭಾಗ್ಯ! ಫ್ರೆಂಚ್ ವಿದ್ವಾಂಸ ಅಲೆನ್ ಅರೋ ಮತ್ತು ಸಂಗಡಿಗರು ಇಂಥ ಸಾವಿರಾರು ಮೂರ್ತಿಗಳನ್ನು ಪಟ್ಟಿ ಮಾಡಿ ಕಾಗದಗಳನ್ನು ಓದಿದ್ದರಿಂದಲೇ ಹೆಸರಾಂತ ದೇವತೆಗಳ ಜೊತೆ ಮನೆಯ ಅಜ್ಜ, ತಂದೆ, ಊರಿನ ಪೂಜೆ ನಡೆಸುತ್ತಿದ್ದ ಗುರುಗಳೂ ಪೀಠವೇರಿದ್ದು ನಮಗೆ ತಿಳಿಯಿತು. ಮುಖ ನೋಡಿ ಇದನ್ನು ಹೇಳಲಾಗುತ್ತಿರಲಿಲ್ಲ.

ಬೌದ್ಧ ಶಿಲ್ಪದಲ್ಲೂ ಈ ಪದ್ಧತಿ ಹಳೆಯದು. ಜಪಾನಿನ ಭಿಕ್ಷು ಚೋನೆನ್ 985ರಲ್ಲಿ ಚೀನಾದ ತೈಜೌನಲ್ಲಿ ಆಳೆತ್ತರದ ಶಾಕ್ಯಮುನಿಯನ್ನು ಕೆತ್ತಿಸಿದ. ಬುದ್ಧ ಬದುಕಿದ್ದಾಗಲೇ ಕೌಶಾಂಬಿಯ ಉದಯನ ರಾಜ ಮಾಡಿಸಿದನೆಂದು ನಂಬಲಾದ ಪ್ರತಿಮೆಯ ಪಡಿಯಚ್ಚು ಅದು. ಈಗ ಕ್ಯೋಟೋದ ಸೇರ್ಯೋಜಿ ದೇಗುಲದಲ್ಲಿದೆ. 1954ರಲ್ಲಿ ಬೆನ್ನು ತೆರೆದಾಗ ದಾಖಲೆಪತ್ರ, ಮುದ್ರಿತ ಚಿತ್ರ, ನಾಣ್ಯಗಳ ನಡುವೆ ರೇಷ್ಮೆಯಲ್ಲಿ ಹೊಲಿದ ಒಳಾಂಗಗಳು ಸಿಕ್ಕವು: ಹೃದಯ, ಶ್ವಾಸಕೋಶ, ಕರುಳು. ಯಾರ ಕಣ್ಣಿಗೂ ಬೀಳಬಾರದ ಜಾಗಕ್ಕೆ ಅಷ್ಟು ಶ್ರದ್ಧೆಯಿಂದ ಸೂಜಿ ಆಡಿಸಿದ ಕೈಗಳಿಗೆ ನಾನು ಶರಣು.

ಮಾರುಕಟ್ಟೆಗೆ ಬರುವ ಹುನಾನ್ ಮೂರ್ತಿಗಳಲ್ಲಿ ಗೂಡು ಖಾಲಿಯಾದವೇ ಬಹಳ. ಕಾಗದ ಕಳೆದುಹೋದ ಚೆಲುವಾದ ಮೂರ್ತಿಗಿಂತ ಕಾಗದ ಉಳಿದ ಒರಟು ಮೂರ್ತಿಯೇ ನನಗೆ ಮೇಲು. ಮುಚ್ಚಳ ಭದ್ರವಾಗಿದ್ದರೆ ಚಾಕು ಹಾಕಿ ಎಬ್ಬಿಸಬೇಡಿ. ಹಳೆಯ ಕಾಗದ ಬಿಡಿಸಬಲ್ಲ ಸಂರಕ್ಷಕರ ಹತ್ತಿರ ಒಯ್ಯಿರಿ. ಮೈಮೇಲಿನ ಕಪ್ಪನ್ನೂ ಉಜ್ಜಬೇಡಿ. ಅದು ಆ ಮನೆಯವರು ತಲೆಮಾರುಗಳ ಕಾಲ ಹಚ್ಚಿದ ಧೂಪದ ಮಸಿ.