ಎರಕ ಕಾಣದ ಶಿಲ್ಪ: ಅಗಸ್ಟಾ ಸ್ಯಾವೇಜ್

ಆಫ್ರಿಕನ್-ಅಮೆರಿಕನ್ ಶಿಲ್ಪಿ ಅಗಸ್ಟಾ ಸ್ಯಾವೇಜ್ (1892-1962) ಅವರ ಕುರಿತ ವಿವೇಚನೆ ಸಾಮಾನ್ಯವಾಗಿ ನಾಶವಾದ ‘ಹಾರ್ಪ್’ ಕೃತಿಯಿಂದಲೇ ತೊಡಗುತ್ತದೆ. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ರಚಿತವಾದ, 16 ಅಡಿ ಎತ್ತರದ ಈ ಶಿಲ್ಪದಲ್ಲಿ ಹನ್ನೆರಡು ಮಂದಿ ಕಪ್ಪು ಗಾಯಕರೇ ತಂತಿವಾದ್ಯದ ತಂತಿಗಳು. ಅವರ ನಿಲುವಂಗಿಗಳ ನೆರಿಗೆಗಳಿಗೆ ತಂತಿಯ ಬಿಗುವಿದೆ. ಮುಂಬದಿಯಲ್ಲಿ ಮಂಡಿಯೂರಿದ ತರುಣನಾದರೋ ಈ ಸಾಂಕೇತಿಕತೆಗೆ ಹೊರೆಯೇ ಆಗಿದ್ದಾನೆ. ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವಿಲ್ಲದೆ, ಮೇಳ ಮುಗಿದ ಬಳಿಕ ಪ್ಲಾಸ್ಟರಿನ ಆ ಕೃತಿಯನ್ನು ಒಡೆದುಹಾಕಲಾಯಿತು. ಛಾಯಾಚಿತ್ರಗಳೂ ಮೇಳದಲ್ಲಿ ಮಾರಾಟವಾದ ಪುಟ್ಟ ಲೋಹಪ್ರತಿಕೃತಿಗಳೂ ಉಳಿದಿವೆ.

ಇದನ್ನು ಕೇವಲ ದುರದೃಷ್ಟವೆನ್ನುವುದು ಸರಿಯಾಗದು. 1923ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೊ ಬೇಸಿಗೆ ಕಲಾಶಾಲೆಗೆ ಇವರ ಪ್ರವೇಶವನ್ನು ವರ್ಣದ ಕಾರಣಕ್ಕಾಗಿ ತಡೆದ ವ್ಯವಸ್ಥೆಯೇ ಕಂಚನ್ನೂ ದೂರವಿರಿಸಿತ್ತು. 1929ರ ಸುಮಾರಿನ ‘ಗ್ಯಾಮಿನ್’ ಸಹ ಕಂಚಿನಂತೆ ತೋರಲು ಬಣ್ಣ ಬಳಿದ ಪ್ಲಾಸ್ಟರೇ. ಆದರೆ ಓರೆಟೋಪಿಯ ಆ ಬೀದಿ ಹುಡುಗನ ಮುಖದಲ್ಲಿ ಯಾವ ಸಂಕೇತದ ಭಾರವೂ ಇಲ್ಲ. ಹೋಲಿಸಿದರೆ, ಗೇಣುದ್ದದ ಈ ಶಿಲ್ಪವೇ ಹೆಚ್ಚು ಪರಿಪಕ್ವವಾದುದು.

ಹಾರ್ಲೆಮ್‌ನಲ್ಲಿ ಇವರಿಂದ ನೆರವು ಪಡೆದ ತರುಣರಲ್ಲಿ ಜೇಕಬ್ ಲಾರೆನ್ಸ್ ಒಬ್ಬರು. ಸರ್ಕಾರದ ಕಲಾಯೋಜನೆಯಲ್ಲಿ ಅವರಿಗೆ ಸಂಬಳದ ಕೆಲಸ ದೊರಕಿಸಿಕೊಟ್ಟವರು ಸ್ಯಾವೇಜ್. 1941ರಲ್ಲಿ ಲಾರೆನ್ಸ್ ಪೂರೈಸಿದ 60 ಫಲಕಗಳ ವಲಸೆ ಚಿತ್ರಮಾಲೆಯೂ ಅಗ್ಗದ ಹಲಗೆಯ ಮೇಲಿನದೇ. ಅದನ್ನು ಮಾತ್ರ ಎರಡು ಸಂಗ್ರಹಾಲಯಗಳು ಸಮಪಾಲಾಗಿ ಹಂಚಿಕೊಂಡು ಕೊಂಡವು.