ನಾಜಲ್ ದೊಡ್ಡದಾದರೆ ಅಶ್ವಶಕ್ತಿ ಹೆಚ್ಚುವುದೇ?

ಸಂಡೂರಿನ ಏರುದಾರಿಯಲ್ಲಿ ಕಪ್ಪು ಹೊಗೆ ಉಗುಳುತ್ತ ಸಾಗುವ ಅದಿರು ಲಾರಿಯನ್ನು ನೀವು ನೋಡಿರಬಹುದು. ‘ದೊಡ್ಡ ತೂತಿನ ನಾಜಲ್ ಹಾಕಿಸಿದರೆ ಎಂಜಿನ್ನಿಗೆ ಶಕ್ತಿ ಬರುತ್ತದೆ’ ಎಂಬ ಮಾತು ಹೊಸಪೇಟೆಯ ಲಾರಿಯವರಿಗೂ ಕಂಪ್ಲಿಯ ಟ್ರ್ಯಾಕ್ಟರಿನವರಿಗೂ ಹೊಸದಲ್ಲ. ಇದು ಎಷ್ಟರಮಟ್ಟಿಗೆ ನಿಜ? ಲೆಕ್ಕ ಮಾಡಿ ನೋಡೋಣ.

ಟರ್ಬೊ ಇಲ್ಲದ, 6 ಲೀಟರ್ ಘನಗಾತ್ರದ ಡೀಸೆಲ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ನಾಲ್ಕು ಹೊಡೆತದ ಎಂಜಿನ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ಸಿಲಿಂಡರುಗಳು ಪೂರ್ತಿ ತುಂಬಿದರೂ ನಿಮಿಷಕ್ಕೆ ದೊರೆಯುವುದು 6 ಘನ ಮೀಟರ್ ಗಾಳಿ. ಹೊಸಪೇಟೆಯ ಬೇಸಿಗೆಯಲ್ಲಿ ಅದರ ತೂಕ ಸುಮಾರು 6.6 ಕಿಲೋಗ್ರಾಂ. 1 ಕಿಲೋಗ್ರಾಂ ಡೀಸೆಲ್ ಉರಿಯಲು ತತ್ತ್ವಶಃ 14.5 ಕಿಲೋಗ್ರಾಂ ಗಾಳಿ ಸಾಕು. ಆದರೆ ಬೆರೆಯಲು ಸಿಗುವ ಕಾಲ ಅತ್ಯಲ್ಪ. ಹೊಗೆಯಿಲ್ಲದೆ ಉರಿಯಲು ಸುಮಾರು 20 ಕಿಲೋಗ್ರಾಂ ಬೇಕು. ಅಂದರೆ ನಿಮಿಷಕ್ಕೆ 0.33 ಕಿಲೋಗ್ರಾಂ ಡೀಸೆಲ್ ಮಾತ್ರ ಚೆನ್ನಾಗಿ ಉರಿಯಬಲ್ಲದು. ಕಿಲೋಗ್ರಾಮಿಗೆ 43 ಮೆಗಾಜೂಲ್ ಶಕ್ತಿ, ಶೇಕಡಾ 35 ದಕ್ಷತೆ ಎಂದು ಹಿಡಿದರೆ ಸುಮಾರು 83 ಕಿಲೋವಾಟ್, ಅಂದರೆ 110 ಅಶ್ವಶಕ್ತಿ.

ಈ ಲೆಕ್ಕದಲ್ಲಿ ನಾಜಲ್ಲಿನ ತೂತು ಎಲ್ಲಿಯೂ ಬರಲಿಲ್ಲ, ಗಮನಿಸಿದಿರಾ? ಮಿತಿ ಹಾಕಿದ್ದು ಗಾಳಿ. ಇದರ ಮೇಲೆ ಡೀಸೆಲ್ ಸುರಿದರೆ ಮೊದಮೊದಲು ಸ್ವಲ್ಪ ಎಳೆತ ಹೆಚ್ಚೀತು. ಉಳಿದದ್ದು ಅರೆಬೆಂದ ಇಂಗಾಲವಾಗಿ ಹೊರಬೀಳುತ್ತದೆ, ಪಿಸ್ಟನ್ ಕಾಯುತ್ತದೆ. 2020ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸ್ಟೇಜ್ 6 ಲಾರಿಗಳಲ್ಲಂತೂ ಮಸಿ ಹಿಡಿಯುವ ಸೋಸುಕವೇ ಕಟ್ಟಿಕೊಳ್ಳುತ್ತದೆ.

ಹಾಗೆಂದು ಗ್ಯಾರೇಜಿನ ಅನುಭವವೆಲ್ಲ ಸುಳ್ಳಲ್ಲ. ಸವೆದ ನಾಜಲ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದರೆ ತುಂತುರು ನವಿರಾಗಿ, ಕಳೆದುಹೋದ ಶಕ್ತಿ ಮರಳುತ್ತದೆ. ಅದು ಹೊಸ ಗಳಿಕೆಯಲ್ಲ. ಟರ್ಬೊ ಕೂಡಿಸಿ ಗಾಳಿ ಹೆಚ್ಚಿಸಿದಾಗ ದೊಡ್ಡ ನಾಜಲ್ಲಿಗೂ ಕೆಲಸವುಂಟು. ಆದರೆ ಬೇರಿಂಗು, ಗ್ಯಾಸ್ಕೆಟ್ಟು, ರೇಡಿಯೇಟರುಗಳೂ ಆ ಹೊರೆ ತಾಳಬೇಕು.

ತಪ್ಪು ನಮ್ಮದೂ ಇದೆ. ತರಗತಿಯಲ್ಲಿ ನಾಲ್ಕು ಹೊಡೆತಗಳ ಚಿತ್ರ ಬರೆಸುತ್ತೇವೆ, ಗಾಳಿಯನ್ನು ತೂಗಿಸುವುದಿಲ್ಲ. ಹೀಗಾಗಿ ವಿಜ್ಞಾನ ಓದಿದ ಹುಡುಗನೂ ಹೊಗೆಯನ್ನೇ ಶಕ್ತಿಯೆಂದು ನಂಬಿ ಅಪ್ಪನ ಟ್ರ್ಯಾಕ್ಟರಿಗೆ ಹಣ ಸುರಿಯುತ್ತಾನೆ. ಶಿಕ್ಷಕ ಮಿತ್ರರೇ, ಮುಂದಿನ ಹಂಪಿ ಪ್ರವಾಸದಲ್ಲಿ ಬಸ್ಸಿನ ಎಂಜಿನ್ನಿನ ಘನಗಾತ್ರ, ಸುತ್ತುಗಳ ಸಂಖ್ಯೆ ಕೇಳಿ ತಿಳಿದು ಮಕ್ಕಳಿಂದ ಈ ಲೆಕ್ಕ ಮಾಡಿಸಿ. ತಯಾರಕರು ಹೇಳುವ ಅಶ್ವಶಕ್ತಿ ನಿಮ್ಮ ಉತ್ತರಕ್ಕಿಂತ ಬಹಳ ಹೆಚ್ಚಿದ್ದರೆ, ಆ ಹೆಚ್ಚಿನ ಗಾಳಿ ಎಲ್ಲಿಂದ ಬಂತೆಂದು ಅವರನ್ನೇ ಕೇಳಿ.